ಬೊಟ್ಟಿಟ್ಟ ಸೊನ್ನೆ

ಚುಕ್ಕಿಗಳ ಪುಸ್ತಕ ತೆರೆದು ಡಾಕ್ಟರು ಕೇಳಿದರು, ಎಷ್ಟು?
ನನಗೆ ಎಪ್ಪತ್ತನಾಲ್ಕು.
ತಮ್ಮ ಚರಣನಿಗೆ ಇಪ್ಪತ್ತೊಂದು.
ಕಾಣದಿದ್ದರೆ ಕಾಣುವುದಿಲ್ಲ ಅನ್ನು ಮಾರಾಯ, ಅಂದೆ.
ಕಾಣ್ತದಲ್ಲ ಅಕ್ಕ, ಇಪ್ಪತ್ತೊಂದೇ, ಅಂದ,
ಕೋಸ್ಟ್ ಗಾರ್ಡ್ ಸೇರಲೆಂದು ಹೊಸಬೆಟ್ಟು ಕಡಪ್ಪುರದಿಂದ
ಇಸ್ತ್ರಿ ಅಂಗಿ ಮುದುಡದ ಹಾಗೆ
ಬಸ್ಸಿನಲ್ಲಿ ನಿಂತೇ ಕಾಸರಗೋಡಿಗೆ ಬಂದ ಹುಡುಗ.

ಪಯ್ಯನ್ನೂರಿನ ಡಾಕ್ಟರು ಅವನನ್ನು ಬಿಟ್ಟು
ಅಮ್ಮನ ಕಡೆ ತಿರುಗಿದರು: ಅಮ್ಮಾವನ್ ಉಂಡೋ?
ಉಂಡು, ಅಂದಳು ಅಮ್ಮ, ತುಳುವಿನಲ್ಲಿ.
ಅವರ ಉಂಡು, ಇವಳ ಉಂಡು, ಎರಡೂ ಇದೆ ಎಂದೇ.
ನನ್ನ ಶಾಲೆಯ ಕನ್ನಡದಲ್ಲಿ ಮಾತ್ರ
ಸೋದರಮಾವ ಉಂಡು, ಕೈ ತೊಳೆದು, ಎದ್ದು ಹೋದ ಹಾಗಾಯಿತು.
ಹೋದದ್ದೂ ಹೌದು. ಹನ್ನೊಂದು ವರ್ಷ.

ಲೋಕಯ್ಯ ಮಾವ.
ಮದುವೆಗೆ ಕೆಂಪು ಸೀರೆ ತರಲು ಹೋಗಿ
ಒಣಗಿದ ಹಲಸಿನೆಲೆಯ ಬಣ್ಣದ್ದು ತಂದವ.
ಬಂಗುಡೆಯ ಕಿವಿರೆತ್ತಿ ಕೆಂಪೋ ಕಂದೋ ನೋಡಿ
ಬೆಲೆ ಕಟ್ಟುವುದು ನಮ್ಮಲ್ಲಿ ಹೆಂಗಸರು.
ಮಾವ ಮೂಸುತ್ತಿದ್ದ; ಎಲ್ಲರೂ ಅದನ್ನು ಜಾಣತನ ಅಂದುಕೊಂಡರು.
ಆದರೆ ರಂಪಣಿಯ ಕಾಲದಲ್ಲಿ ದಿಬ್ಬ ಹತ್ತಿ ನಿಂತರೆ
ನೀರೊಳಗಿನ ಭೂತಾಯಿ ಹಿಂಡು ಮೊದಲು ಅವನಿಗೇ.
ಬಣ್ಣಗಳ ಗಲಾಟೆಯಿಲ್ಲದ ಕಡಲು ಅವನದು,
ಬರೀ ಮಿನುಗು, ಮಬ್ಬು, ಮತ್ತೆ ಮಿನುಗು.

ಅವನಿಗೂ ಮುಂಚೆ ಯಾರಾದರೂ?
ಅಮ್ಮ ಸುಮ್ಮನಾದಳು.
ಆಮೇಲೆ, ದೂಮಣ್ಣ, ಅಂದಳು.
ಅಜ್ಜಿಯ ಅಣ್ಣ. ಹೊಸ ಬೋಟುಗಳು ಬಂದ ಕಾಲ.
ಒಂದು ರಾತ್ರಿ ಎದುರು ಬೋಟಿನ ದೀಪ
ಕೆಂಪು ಯಾವುದು ಹಸಿರು ಯಾವುದು ತಪ್ಪಿ
ನೇರ ಹೋಗಿ ಗುದ್ದಿದ. ಇಬ್ಬರು ಸತ್ತರು, ಅವನೂ ಒಬ್ಬ.
ಕುಡಿದಿದ್ದ ಅಂದಿತು ಊರು.
ಮುಟ್ಟುವವನೇ ಅಲ್ಲ ಅಂತ
ಅಕ್ಕು ಅಜ್ಜಿ ಸಾಯುವವರೆಗೆ ಹೇಳಿದಳು,
ಮೀನಿನ ಬುಟ್ಟಿ ಇಳಿಸಿದ ಪ್ರತಿ ಅಂಗಳದಲ್ಲಿ.

ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗೀಚಿದರು.
ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ.
ದೂಮಣ್ಣನ ಚೌಕಕ್ಕೆ ಶಾಯಿ ತುಂಬಿದರು, ಲೋಕಯ್ಯನದಕ್ಕೆ,
ಚರಣನದಕ್ಕೆ, ಅವನು ನೋಡುತ್ತಿದ್ದಂತೆಯೇ.
ಅಜ್ಜಿಯ ಸೊನ್ನೆಯ ನಡುವೆ ಒಂದು ಚುಕ್ಕಿ. ಅಮ್ಮನದಕ್ಕೂ.
ದುಂಡು ಮುಖಕ್ಕೆ ಬೊಟ್ಟಿಟ್ಟ ಹಾಗೆ.
ಇವರಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಅಂದರು,
ಹೊತ್ತು ದಾಟಿಸುವವರು ಇವರೇ.

ಅಳಿಯಕಟ್ಟು ಮುಗಿಯಿತೆಂದು
ತಿರುವನಂತಪುರದಿಂದ ಕಾನೂನು ಬಂದಾಗ ಅಮ್ಮ ಚಿಕ್ಕವಳು.
ದೋಣಿ ಮಾರಿದರು, ಹಿತ್ತಿಲು ನಾಲ್ಕು ತುಂಡಾಯಿತು,
ತಾಯಿಯಿಂದ ಬಂದ ಬಳಿ ಒಂದೇ ಉಳಿಯಿತು, ಕರ್ಕೇರ,
ಅಂದುಕೊಂಡಿದ್ದೆವು.
ರಕ್ತಕ್ಕೆ ಆ ಗೆಜೆಟ್ ಇನ್ನೂ ತಲುಪಿಲ್ಲ.
ಮಾವನದೂ ಅಳಿಯನದೂ ಅದೇ ಗಂಟು,
ಬಿಚ್ಚಿ ನೋಡದೆ ಕೈಯಿಂದ ಕೈಗೆ ಕೊಟ್ಟವರು ಹೆಂಗಸರು.
ಇದರಲ್ಲಿ ನನ್ನದು ಏನೂ ಇಲ್ಲವಾ, ಅಂತ ಅಪ್ಪ ಕೇಳುತ್ತಾನೆ,
ತಪ್ಪಿಸಿಕೊಂಡವನ ಹಾಗಲ್ಲ,
ಪಾಲು ಸಿಗದವನ ಹಾಗೆ.

ಅದು ರಾತ್ರಿಯ ಮಾತು. ಈಗಿನ್ನೂ ಬಸ್ಸಿನಲ್ಲಿದ್ದೇವೆ.
ಚರಣ ಕಿಟಕಿಗೆ ಹಣೆಯಾನಿಸಿ ಕೂತಿದ್ದಾನೆ.
ಹೊರಗಿನ ಗೇರುಹಣ್ಣುಗಳು ಅವನಿಗೆ ಎಲೆಗಳೊಳಗೆ ಎಲೆಗಳೇನೋ,
ಕೇಳಲಿಲ್ಲ.
ನನ್ನ ಸೊನ್ನೆಯ ಮೇಲೆ ಡಾಕ್ಟರ ಪೆನ್ನು ತಡೆದಿತ್ತು.
ಅರ್ಧಕ್ಕರ್ಧ, ಅಂದಿದ್ದರು,
ಚುಕ್ಕಿ ಇಡಲಿಲ್ಲ, ಇಡದೆಯೂ ಇರಲಿಲ್ಲ,
ನಿಬ್ಬು ತಾಗಿ ಕಾಗದ ಸ್ವಲ್ಪ ತಗ್ಗಿದೆ, ಅಷ್ಟೆ.
ಬೆರಳಾಡಿಸಿದರೆ ಸಿಗುತ್ತದೆ.

ಶಿರಿಯ ಸಂಕ ದಾಟುವಾಗ ಅಮ್ಮ ಚೀಟಿ ಕೇಳಿದಳು.
ದೂಮಣ್ಣ ಯಾವುದು?
ತೋರಿಸಿದೆ. ಹೆಬ್ಬೆರಳಿಟ್ಟಳು,
ಮೀನಿನ ಹೊಳಪು ಇನ್ನೂ ಅಂಟಿರುವ ಹೆಬ್ಬೆರಳು.
ಕುಡಿದಿರಲಿಲ್ಲ ಅಂತ ಇದರಲ್ಲಿ ಬರೆದು ಉಂಡಾ?

ಉಂಡು, ಅಂದೆ.